ನಾಲ್ಕು ಗಂಟೆಯ ಮೇಲೆ ಮಗು ಯಾರ ಹತ್ತಿರ? ಕೋಲಾರದ ಒಂದು ಪಂಚಾಯಿತಿ ಅಂಗನವಾಡಿಗಳ ಬಗ್ಗೆ ಮನೆಮನೆ ಕೇಳಿದ ಪ್ರಕರಣ

ಇದು ನಡೆದದ್ದು ಕೋಲಾರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ, 2024ರ ಕೊನೆಯಿಂದ 2025ರ ಮಳೆಗಾಲದವರೆಗೆ. ಗುರುತು ಹತ್ತಬಾರದೆಂದು ಊರುಗಳ ಹೆಸರು ಬಿಟ್ಟಿದ್ದೇನೆ, ಮನೆಗಳ ಕೆಲವು ವಿವರಗಳನ್ನು ಅದಲುಬದಲು ಮಾಡಿದ್ದೇನೆ. ತೀರ್ಮಾನಗಳು ಮಾತ್ರ ಆದ ಕ್ರಮದಲ್ಲಿಯೇ ಇವೆ. ಪ್ರಶ್ನಾವಳಿ ಸಿದ್ಧಪಡಿಸಲು ಕರೆಸಿಕೊಂಡ ಸಂಪನ್ಮೂಲ ವ್ಯಕ್ತಿಯಾಗಿ ನಾನು ಅಲ್ಲಿದ್ದೆ.

ಹಿನ್ನೆಲೆ

ಪಂಚಾಯಿತಿಗೆ ಹಲವು ಹಳ್ಳಿಗಳು ಸೇರಿದ್ದರೂ ಇಲ್ಲಿಗೆ ಬೇಕಾದವು ಮೂರು. ಕಚೇರಿ, ಹಾಲಿನ ಡೈರಿ, ಹಿರಿಯ ಪ್ರಾಥಮಿಕ ಶಾಲೆ ಇರುವುದನ್ನು ದೊಡ್ಡೂರು ಎನ್ನೋಣ. ಹೆದ್ದಾರಿಗೆ ಹತ್ತಿರದ್ದು ರಸ್ತೆಯೂರು. ಕೆರೆಯ ಆಚೆ ದಡದಲ್ಲಿ ಐವತ್ತು ಚಿಲ್ಲರೆ ಮನೆಗಳಿರುವುದು ಆಚೆಯೂರು.

ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳು ಬೆಳೆದಂತೆ ಈ ಭಾಗದ ಹೆಣ್ಣುಮಕ್ಕಳ ದಿನಚರಿಯೇ ಬದಲಾಯಿತು. ಹಿಪ್ಪುನೇರಳೆ ಸೊಪ್ಪು ಬಿಡಿಸಲು, ಟೊಮೆಟೊ ಕೀಳಲು ಹೋಗುತ್ತಿದ್ದವರು ಈಗ ಕಂಪನಿ ಬಸ್ಸಿನ ಹೊತ್ತಿಗೆ ಬುತ್ತಿ ಕಟ್ಟುತ್ತಾರೆ. ಕಾರ್ಖಾನೆ ಕಾಯ್ದೆಗೆ ರಾಜ್ಯ 2023ರಲ್ಲಿ ತಂದ ತಿದ್ದುಪಡಿ ಮಹಿಳೆಯರ ರಾತ್ರಿ ಪಾಳಿಗೂ ದಾರಿ ಮಾಡಿಕೊಟ್ಟಿತು. ರಸ್ತೆಯೂರಿನಲ್ಲಿ ಹಿತ್ತಲಿದ್ದವರೆಲ್ಲ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಆ ವಠಾರಗಳಲ್ಲಿ ಉತ್ತರ ಕರ್ನಾಟಕದವರೂ ಒಡಿಶಾ, ಬಿಹಾರದವರೂ ಇದ್ದಾರೆ.

ಮೂರೂ ಊರುಗಳಲ್ಲಿ ಒಂದೊಂದು ಅಂಗನವಾಡಿ ಇದೆ. 400ರಿಂದ 800 ಜನಸಂಖ್ಯೆಗೆ ಒಂದು ಕೇಂದ್ರ ಎಂಬುದು ಮಾನದಂಡ. ಊರಲ್ಲಿ ತಲೆ ಎಷ್ಟು ಎಂದು ಅದು ಎಣಿಸುತ್ತದೆಯೇ ಹೊರತು, ಆ ತಲೆಗಳು ಹಗಲು ಎಲ್ಲಿರುತ್ತವೆ ಎಂದು ಕೇಳುವುದಿಲ್ಲ. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆಂದು ಪಟ್ಟಿಮಾಡಿದ 29 ವಿಷಯಗಳಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯೂ ಒಂದು. ಆದರೆ ಅಂಗನವಾಡಿ ಕಾರ್ಯಕರ್ತೆಯರನ್ನು ನೇಮಿಸುವುದು, ವೇಳೆ ಗೊತ್ತುಪಡಿಸುವುದು ಇಲಾಖೆ. ಪಂಚಾಯಿತಿಯ ಕೈಯಲ್ಲಿ ಉಳಿಯುವುದು ಗೋಡೆ, ಸೂರು, ನೀರು, ಶೌಚಾಲಯ.

ದೊಡ್ಡೂರಿನ ಅಂಗನವಾಡಿಯ ಸೂರು ಸೋರುತ್ತಿತ್ತು. ಸದಸ್ಯರಿಗೆ ಹೊಸ ಕಟ್ಟಡವೇ ಬೇಕಿತ್ತು. 2020ರ ಡಿಸೆಂಬರ್‌ನಲ್ಲಿ ಗೆದ್ದು ಬಂದ ಅವರ ಅವಧಿ ಮುಗಿಯುತ್ತಾ ಬಂದಿತ್ತು. ಶಂಕುಸ್ಥಾಪನೆಯ ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಆಸೆಯನ್ನು ಯಾರೂ ಮುಚ್ಚಿಡಲಿಲ್ಲ. ಹದಿನೈದನೆಯ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ. 40ರಲ್ಲಿ ಉದ್ಯೋಗ ಖಾತರಿಯ ಹಣ ಜೋಡಿಸಿ ದೊಡ್ಡೂರಿನಲ್ಲಿ ವಿಶಾಲವಾದ ಕಟ್ಟಡ ಕಟ್ಟುವುದು, ಆಚೆಯೂರಿನ ಕೇಂದ್ರವನ್ನು ಅದಕ್ಕೆ ಸೇರಿಸಿಬಿಡುವುದು, ಅಲ್ಲಿಯೇ ಇಂಗ್ಲಿಷ್ ಎಲ್‌ಕೆಜಿ ಶುರುಮಾಡುವುದು, ಇಷ್ಟು ಪ್ರಸ್ತಾವ ಮೇಜಿನ ಮೇಲಿತ್ತು.

ಗ್ರಾಮಸಭೆಯಲ್ಲಿ ಎದ್ದ ಕೈಗಳು

ಗ್ರಾಮಸಭೆಯಲ್ಲಿ ಪ್ರಸ್ತಾವ ಓದಿದಾಗ ಎಲ್ಲರೂ ಕೈಯೆತ್ತಿದರು. ಅಲ್ಲಿಗೆ ಸಮಾಲೋಚನೆ ಮುಗಿಯಿತೆಂದು ನಡಾವಳಿಯಲ್ಲಿ ಬರೆದುಕೊಂಡು ಏಳಬಹುದಿತ್ತು. ಹಲವು ಕಡೆ ಆಗುವುದೂ ಹಾಗೆಯೇ. ತಡೆದದ್ದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ). ಮೂರು ಕಾನ್ವೆಂಟ್ ವ್ಯಾನುಗಳು ದೊಡ್ಡೂರಿನಿಂದ ದಿನವೂ ತುಂಬಿ ಹೋಗುವುದನ್ನು ಅವರು ಕಚೇರಿಯ ಕಿಟಕಿಯಿಂದಲೇ ನೋಡುತ್ತಿದ್ದರು. ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ ಮೂರರಿಂದ ಆರು ವರ್ಷದೊಳಗಿನ ಹದಿನೇಳು ಹೆಸರುಗಳಿದ್ದವು. ಅವರು ಹೋದ ದಿನ ಚಾಪೆಯ ಮೇಲೆ ಕುಳಿತಿದ್ದವರು ಐವರು.

"ಕೈಯೆತ್ತಿದವರ ಮಕ್ಕಳು ವ್ಯಾನಿನಲ್ಲಿವೆ. ಕಟ್ಟಡ ಕಟ್ಟಿದರೆ ಒಳಗೆ ಕೂರುವವರು ಯಾರು ಎಂದು ಮೊದಲು ತಿಳಿಯೋಣ" ಎಂದು ಅವರು ಅಧ್ಯಕ್ಷೆಗೆ ಹೇಳಿದರು. ಅಧ್ಯಕ್ಷೆ ಒಪ್ಪಿದರು, ಆದರೆ ಷರತ್ತು ಹಾಕಿದರು: ಯುಗಾದಿಯೊಳಗೆ ಉತ್ತರ ಬೇಕು, ಅನುದಾನ ಕಾಯುವುದಿಲ್ಲ. ಈ ಪ್ರಕರಣದ ಮೊದಲ ತಿರುವು ಇದೇ. ಪ್ರಸ್ತಾವವನ್ನು ತಳ್ಳಿಹಾಕದೆ, ಒಪ್ಪದೆ, ಗಡುವು ಇಟ್ಟು ತಡೆಹಿಡಿದದ್ದು.

ಪಟ್ಟಿಯ ಪೇಚಾಟ

ಮುಂದಿನ ಮೂರು ವರ್ಷ ಎಷ್ಟು ಮಕ್ಕಳು ಬರಬಹುದು ಎಂದು ಅಂದಾಜಿಸಲು ಇದ್ದ ದಾಖಲೆಗಳು ಎರಡು: ಅಂಗನವಾಡಿಯ ದಾಖಲಾತಿ, ಆಶಾ ಕಾರ್ಯಕರ್ತೆಯ ಹೆರಿಗೆ ಪಟ್ಟಿ. ಎರಡೂ ತಾಳೆಯಾಗಲಿಲ್ಲ.

ದಾಖಲಾತಿಯ ಸಂಗತಿ ಎಲ್ಲರಿಗೂ ಗೊತ್ತಿರುವಂಥದೇ. ಮಗು ಕಾನ್ವೆಂಟಿಗೆ ಹೋಗುತ್ತಿದ್ದರೂ ಮೊಟ್ಟೆ, ಆಹಾರ ಪದಾರ್ಥ ತಪ್ಪೀತೆಂದು ಮನೆಯವರು ಹೆಸರು ತೆಗೆಸುವುದಿಲ್ಲ. ಸಂಖ್ಯೆ ಇಳಿದರೆ ಕೇಂದ್ರಕ್ಕೇ ಕುತ್ತು ಎಂದು ಟೀಚರ್ ಕೂಡ ತೆಗೆಯುವುದಿಲ್ಲ. ಇದನ್ನು ಕಳ್ಳಲೆಕ್ಕ ಎನ್ನುವ ಅಧಿಕಾರಿಗಳು ಇದ್ದಾರೆ. ಗೌರವಧನ ನಂಬಿ ಇಪ್ಪತ್ತು ವರ್ಷ ದುಡಿದವರ ಜಾಗದಲ್ಲಿ ಕುಳಿತರೆ ಅವರೂ ಅದನ್ನೇ ಮಾಡುತ್ತಾರೆಂದು ನನ್ನ ಎಣಿಕೆ.

ಹೆರಿಗೆ ಪಟ್ಟಿಯ ತೊಡಕು ಮಾತ್ರ ಅಷ್ಟು ಬೇಗ ಕಣ್ಣಿಗೆ ಬೀಳುವಂಥದಲ್ಲ. ನಮ್ಮಲ್ಲಿ ಮೊದಲ ಹೆರಿಗೆ ತವರಿನಲ್ಲಿ. ಊರಿನ ಮಗಳು ಬಂದು ಹೆತ್ತು, ಬಾಣಂತನ ಮುಗಿಸಿ, ಐದನೆಯ ತಿಂಗಳಲ್ಲಿ ಗಂಡನ ಮನೆಗೆ ಹೋಗುತ್ತಾಳೆ. ಆ ಮಗು ಇಲ್ಲಿನ ಪಟ್ಟಿಯಲ್ಲಿ ಕುಳಿತಿರುತ್ತದೆ. ಊರಿನ ಸೊಸೆ ಮಾಲೂರಿನಲ್ಲೋ ಚಿಂತಾಮಣಿಯಲ್ಲೋ ಹೆತ್ತು ತಂದ ಮಗು, ನಿಜಕ್ಕೂ ಈ ಊರಿನಲ್ಲೇ ಬೆಳೆಯುವ ಮಗು, ಪಟ್ಟಿಯಲ್ಲಿ ಇರುವುದಿಲ್ಲ. ಮೊತ್ತದಲ್ಲಿ ಇವು ಒಂದನ್ನೊಂದು ಸರಿದೂಗಿಸುತ್ತವೆ ಎಂದು ಸದಸ್ಯರೊಬ್ಬರು ವಾದಿಸಿದರು. ದೊಡ್ಡೂರಿನಲ್ಲಿ ಸರಿದೂಗಿಸಿಯೂ ಇದ್ದವು. ಆಚೆಯೂರಿನಲ್ಲಿ ಆ ವರ್ಷಗಳಲ್ಲಿ ಸೊಸೆಯಂದಿರೇ ಹೆಚ್ಚು ಬಂದಿದ್ದರಿಂದ, ಪಟ್ಟಿಯ ಪ್ರಕಾರ ಮಕ್ಕಳೇ ಇಲ್ಲದ ಊರಿನಲ್ಲಿ ಬೀದಿ ತುಂಬ ಮಕ್ಕಳಿದ್ದವು. ವಿಲೀನದ ಪ್ರಸ್ತಾವ ನಿಂತಿದ್ದದ್ದು ಆ ಪಟ್ಟಿಯ ಮೇಲೆ.

ವಠಾರದ ಮಕ್ಕಳಂತೂ ಎರಡರಲ್ಲಿಯೂ ಇರಲಿಲ್ಲ. ಅವರ ಲಸಿಕೆ ಕಾರ್ಡ್ ಬೇರೆ ಊರಿನದು, ಆಧಾರ್ ವಿಳಾಸ ಬೇರೆ ರಾಜ್ಯದ್ದು.

ಹೊಸ ಪಟ್ಟಿ ಮಾಡಲು ಮೊದಲು ಟೀಚರುಗಳನ್ನೇ ಅವರವರ ಊರಿಗೆ ಕಳಿಸಲಾಯಿತು. ಒಂದು ಮನೆಯವರೂ ಕಾನ್ವೆಂಟಿನ ಹೆಸರೆತ್ತಲಿಲ್ಲ. ಎದುರಿಗಿರುವವರು ಮೊಟ್ಟೆ ಕೊಡುವ ಟೀಚರ್. ಅವರ ಮುಂದೆ ಹೇಳುವುದು ಹೇಗೆ? ಮೊದಲ ಓಣಿಯ ಹಾಳೆಗಳನ್ನು ನೋಡಿಯೇ ಪಿಡಿಒ ಅದನ್ನು ನಿಲ್ಲಿಸಿ, ಅರಿವು ಕೇಂದ್ರದ ಗ್ರಂಥಪಾಲಕಿಗೂ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಇಬ್ಬರು ಮಹಿಳೆಯರಿಗೂ ಕೆಲಸ ಒಪ್ಪಿಸಿದರು. ಗ್ರಂಥಪಾಲಕಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ಕೋಲಾರದ ಹಳ್ಳಿಗಳಲ್ಲಿ ಅದೊಂದು ಅರ್ಹತೆಯೇ. ಮನೆಮಾತಿನಲ್ಲಿ ಕೇಳಿದಾಗ ಉತ್ತರ ಉದ್ದವಾಗುತ್ತದೆ.

ಅವರು ಮಾಡಿದ ಒಂದು ಆಯ್ಕೆ ಆಮೇಲೆ ಬಹಳ ಉಪಯೋಗಕ್ಕೆ ಬಂತು. ಮಕ್ಕಳನ್ನು "ಎಲ್‌ಕೆಜಿ ವಯಸ್ಸಿನವರು", "ಯುಕೆಜಿ ವಯಸ್ಸಿನವರು" ಎಂದು ವಿಂಗಡಿಸದೆ ಹುಟ್ಟಿದ ದಿನಾಂಕವನ್ನೇ ಬರೆದುಕೊಂಡರು. ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು 2022ರ ಜುಲೈನಲ್ಲಿ ಆದೇಶವಾಗಿ, ಜಾರಿ 2025-26ಕ್ಕೆ ಮುಂದೆ ಹೋಗಿತ್ತು. ಅದರಂತೆ ಒಂದಷ್ಟು ಮಕ್ಕಳು ಇನ್ನೊಂದು ವರ್ಷ ಅಂಗನವಾಡಿಯಲ್ಲೇ ಉಳಿಯಬೇಕಿತ್ತು. ಎಲ್ಲ ಲೆಕ್ಕ ಮುಗಿದು ಗೋಡೆಗೆ ಪಟ್ಟಿ ಅಂಟಿಸಿದ ಮೇಲೆ, 2025ರ ಏಪ್ರಿಲ್‌ನಲ್ಲಿ, ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಕೆ ಪ್ರಕಟವಾಯಿತು. ದಿನಾಂಕಗಳು ಕೈಯಲ್ಲಿದ್ದುದರಿಂದ ಗ್ರಂಥಪಾಲಕಿ ಹೊಸ ಲೆಕ್ಕವನ್ನು ಮಧ್ಯಾಹ್ನದೊಳಗೆ ಮುಗಿಸಿದರು.

ಪ್ರಶ್ನೆ ಬದಲಾಯಿತು

"ನಿಮ್ಮ ಮಗುವಿಗೆ ಎಂಥ ಸೌಲಭ್ಯ ಬೇಕು?" ಎಂಬುದು ಮೊದಲ ಪ್ರಶ್ನೆಯಾಗಿತ್ತು. ಬಂದ ಉತ್ತರ ಒಂದೇ: ಇಂಗ್ಲಿಷ್, ಎಲ್‌ಕೆಜಿ, ಯೂನಿಫಾರ್ಮ್, ವ್ಯಾನ್. ಅಂಗನವಾಡಿಯಲ್ಲಿ ಟಿಸಿ ಕೊಡುತ್ತಾರೆಯೇ ಎಂದು ಕೆಲವರು ತಿರುಗಿ ಕೇಳಿದರು. ಇವು ಸುಳ್ಳು ಉತ್ತರಗಳೇನಲ್ಲ. ಆದರೆ ಯಾರ ಮನೆಯಲ್ಲಿ ಕೇಳಿದರೂ ಸಿಗುವ ಉತ್ತರದಿಂದ ಯಾವ ಊರಿಗೆ ಏನು ಎಂದು ನಿರ್ಧರಿಸಲು ಬರುವುದಿಲ್ಲ.

ಹಾಳೆಯ ಮೇಲ್ಭಾಗದಲ್ಲಿ ಇನ್ನೊಂದು ಪ್ರಶ್ನೆ ಸೇರಿತು: "ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಮಗು ಯಾರ ಹತ್ತಿರ ಇತ್ತು?" ಕೇಳುವ ಜಾಗವೂ ಬದಲಾಯಿತು. ಮನೆಗೆ ಹೋದರೆ ಗಂಡಸರು ಹೊರಬಂದು ಉತ್ತರಿಸುತ್ತಿದ್ದರು. ಮಗುವನ್ನು ನೋಡಿಕೊಳ್ಳುವವರು ಒಳಗೇ ಇರುತ್ತಿದ್ದರು. ಹಾಗಾಗಿ ಬೆಳಗಿನ ಡೈರಿ, ಕಂಪನಿ ಬಸ್ ನಿಲ್ಲುವ ಅರಳಿಕಟ್ಟೆ ಇವನ್ನು ಆರಿಸಿಕೊಂಡರು.

ಡೈರಿಯಲ್ಲಿ ಹಾಲಿನ ಕ್ಯಾನು ಕಾಲಿನ ಬಳಿ ಇಟ್ಟುಕೊಂಡು, ಫ್ಯಾಟ್ ಎಷ್ಟು ಬಂತೆಂದು ಯಂತ್ರದತ್ತಲೇ ಕಣ್ಣಿಟ್ಟಿದ್ದ ಹೆಂಗಸೊಬ್ಬರು ಮೊಮ್ಮಗನನ್ನು ಕಾನ್ವೆಂಟಿಗೆ ಕಳಿಸುತ್ತಿದ್ದರು. ಶುಲ್ಕಕ್ಕೆಂದು ವರ್ಷಕ್ಕೆ ಹಾಲಿನ ಹಣದ ಹಲವು ಬಟವಾಡೆಗಳು ಹಿಡಿಯುತ್ತಿದ್ದವು.

"ಅಲ್ಲಿ ಚೆನ್ನಾಗಿ ಕಲಿಸುತ್ತಾರಾ ಅಮ್ಮ?" ಎಂದು ಗ್ರಂಥಪಾಲಕಿ ಕೇಳಿದರು.

"ಕಲಿಸುವುದು ನನಗೇನು ತಿಳಿಯುತ್ತದೆ ತಾಯಿ. ವ್ಯಾನು ಎಂಟಕ್ಕೆ ಮನೆ ಮುಂದೆ ನಿಲ್ಲುತ್ತದೆ, ಸಾಯಂಕಾಲ ಐದಕ್ಕೆ ತಂದು ಇಳಿಸುತ್ತದೆ. ಅಷ್ಟರಲ್ಲಿ ನನ್ನ ಹಸುಗಳಿಗೆ ಮೇವು ಬರುತ್ತದೆ. ಅಂಗನವಾಡಿಗೆ ನಾನೇ ಬಿಡಬೇಕು, ನಾನೇ ಕರೆತರಬೇಕು. ಸೊಸೆ ಇಳಿಯುವುದು ಏಳಕ್ಕೆ. ಮೇವು ತರುವವರು ಯಾರು?"

ಸದಸ್ಯರ ಪಾಲಿಗೆ ಇಂಗ್ಲಿಷಿನ ಮೋಹವಾಗಿದ್ದದ್ದು, ದೊಡ್ಡೂರಿನ ಸಾಕಷ್ಟು ಮನೆಗಳಲ್ಲಿ ಹುಲ್ಲು, ಹಸು, ಪಾಳಿಗಳ ಹೊಂದಾಣಿಕೆಯಾಗಿತ್ತು. ಇಂಗ್ಲಿಷಿನ ಆಸೆ ಇರಲಿಲ್ಲವೆಂದಲ್ಲ. ಮೊಮ್ಮಗ "ಮಿಸ್" ಎಂದು ಕರೆಯುವುದನ್ನು ಹೇಳುವಾಗ ಆಕೆಯ ದನಿ ಬೇರೆಯೇ ಆಗಿತ್ತು. ಆದರೆ ಆಸೆಗೆ ಹಣ ತೆತ್ತವರಿಗಿಂತ ಹೊತ್ತಿಗೆ ಹಣ ತೆತ್ತವರು ಹೆಚ್ಚು.

ಅರಳಿಕಟ್ಟೆಯ ಬಳಿ ತಿಳಿದದ್ದು ಇನ್ನೊಂದು. ವಠಾರದ ಮಕ್ಕಳಲ್ಲಿ ಕೆಲವರನ್ನು ಮನೆ ಮಾಲೀಕರ ತಾಯಿ ತಿಂಗಳಿಗಿಷ್ಟೆಂದು ದುಡ್ಡು ಪಡೆದು ನೋಡಿಕೊಳ್ಳುತ್ತಿದ್ದರು. ಶೀಟಿನ ಕೋಣೆ, ಒಂದು ಟಿವಿ, ಬಾಗಿಲಿಗೆ ಹೊರಗಿನಿಂದ ಚಿಲಕ. ಆಕೆಯನ್ನು ದೂರುವ ತಾಯಂದಿರು ಯಾರೂ ಇರಲಿಲ್ಲ. ಬೇರೆ ದಾರಿ ಇರಲಿಲ್ಲ.

ಸಮೀಕ್ಷೆಯ ಹಾಳೆಯಲ್ಲಿ ಜಾಗವೇ ಇಲ್ಲದಿದ್ದ ಉತ್ತರ ಸಿಕ್ಕಿದ್ದು ಮಕ್ಕಳ ಗ್ರಾಮಸಭೆಯಲ್ಲಿ. ಶೌಚಾಲಯ, ಆಟದ ಮೈದಾನದ ಮಾತು ಮುಗಿದ ಮೇಲೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, ಕೊನೆಯ ಪಿರಿಯಡ್ ತಪ್ಪಿಸಿದ್ದಕ್ಕೆ ತನಗೆ ಬೈಯಬಾರದು ಎಂದಳು. ನಾಲ್ಕಕ್ಕೆ ಅಂಗನವಾಡಿ ಬಿಡುತ್ತದೆ, ಶಾಲೆ ಬಿಡುವುದು ಆಮೇಲೆ. ತಮ್ಮನನ್ನು ಕರೆತರಲು ಬೇರೆ ಯಾರೂ ಇಲ್ಲ. ಅವಳ ಹಿಂದೆಯೇ ಇನ್ನೂ ಇಬ್ಬರು ಎದ್ದರು. ಹಾಜರಿಯಲ್ಲಿ "ಹೊಟ್ಟೆನೋವು" ಎಂದಿದ್ದದ್ದು ಇದೇ ಎಂದು ಮುಖ್ಯೋಪಾಧ್ಯಾಯರು ಆಗ ಅರಿತರು. ಎಲ್‌ಕೆಜಿಗೆ ಮಕ್ಕಳು ಸಿಕ್ಕರೆ ಶಾಲೆ ಉಳಿಯುತ್ತದೆ ಎಂದಷ್ಟೇ ಯೋಚಿಸುತ್ತಿದ್ದ ಅವರು ಅಂದಿನಿಂದ ವೇಳೆಯ ಮಾತು ಎತ್ತತೊಡಗಿದರು.

ಕೆರೆ ಅಂಗಳದ ದಾರಿ

ಆಚೆಯೂರನ್ನು ದೊಡ್ಡೂರಿಗೆ ಸೇರಿಸುವ ಪ್ರಸ್ತಾವದಲ್ಲಿ ದೂರ ಒಂದು ಕಿಲೋಮೀಟರಿಗೂ ಕಡಿಮೆ ಎಂದಿತ್ತು. ಹಳಬರಿಗೆ ಅದು ನಿಜವೂ ಹೌದು. ಕೆರೆ ಬತ್ತಿ ಬಿದ್ದಿದ್ದ ವರ್ಷಗಳಲ್ಲಿ ಜನ ಕೆರೆ ಅಂಗಳದಲ್ಲೇ ಅಡ್ಡ ನಡೆದು ಬರುತ್ತಿದ್ದರು, ಜಾಲಿ ಮುಳ್ಳಿನ ನಡುವೆ ಕಾಲುದಾರಿ ಬಿದ್ದಿತ್ತು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರತೊಡಗಿದ ಮೇಲೆ ಆ ದಾರಿ ನೀರಿನಡಿ ಹೋಯಿತು. ಈಗ ಏರಿ ಬಳಸಿ, ಕೋಡಿ ದಾಟಿ ಬರಬೇಕು. ದೂರ ಮೂರು ಪಟ್ಟು. ಮೂರು ವರ್ಷದ ಮಗುವನ್ನು ಕೆರೆ ಏರಿಯ ಮೇಲೆ ಯಾರು ಕಳಿಸುತ್ತಾರೆ? ಇಲಾಖೆಯ ಮೇಲ್ವಿಚಾರಕಿಯನ್ನು ಆಚೆಯೂರಿನ ತಾಯಂದಿರು ಏರಿಯ ಮೇಲೆ ನಡೆಸಿಕೊಂಡು ಬಂದರು. ಪೂರ್ತಿ ನಡೆಯುವ ಮೊದಲೇ ವಿಲೀನದ ಮಾತು ನಿಂತಿತು.

ತೀರ್ಮಾನದ ಸಭೆ

ಕಂಪನಿಗೆ ರಜೆಯೆಂದು ಸಭೆಯನ್ನು ಭಾನುವಾರ ಇಟ್ಟರು. ಪಿಡಿಒ ಮೊದಲು ಓದಿದ್ದು ಪಂಚಾಯಿತಿಯಿಂದ ಏನೇನು ಆಗುವುದಿಲ್ಲ ಎಂಬುದನ್ನು: ಟೀಚರ್ ನೇಮಕ, ಅಂಗನವಾಡಿಯ ವೇಳೆ, ವ್ಯಾನ್. ಇದು ಒಳ್ಳೆಯ ನಡೆ. ಆಗದ್ದನ್ನು ಮೊದಲೇ ಹೇಳಿದ್ದರಿಂದ ಉಳಿದ ಹೊತ್ತು ಆಗುವುದರ ಮೇಲೆ ಜಗಳವಾಯಿತು.

ಜಗಳ ಜೋರಾಗಿಯೇ ಆಯಿತು. ರಸ್ತೆಯೂರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಎರಡು ಕೋಣೆಗಳು ಖಾಲಿ ಇದ್ದವು. ಒಬ್ಬ ಎಲ್‌ಕೆಜಿ ಶಿಕ್ಷಕಿಯ ಸಂಬಳ ಕೊಡಲು ಕಂಪನಿಯೊಂದು ಒಂದು ವರ್ಷದ ಮಟ್ಟಿಗೆ ಮುಂದೆ ಬಂದಿತ್ತು. ಎಲ್‌ಕೆಜಿ ಶಾಲೆಯದಾದರೆ ನಾಲ್ಕು ವರ್ಷ ತುಂಬಿದ ಮಕ್ಕಳೆಲ್ಲ ಅತ್ತ ಹೋಗುತ್ತವೆ ಎಂದು ಅಂಗನವಾಡಿ ಟೀಚರ್ ಹೆದರಿದರು. ಹೆದರಿಕೆ ಸುಮ್ಮನೆ ಬಂದದ್ದಲ್ಲ. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರದ ವಿರುದ್ಧ 2024ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಧರಣಿ ನಡೆದಿತ್ತು. "ಮಕ್ಕಳು ಅಲ್ಲಿ ಕುಳಿತರೆ ನನ್ನ ಅಡುಗೆ ಯಾರಿಗೆ ಮೇಡಂ?" ಎಂದು ಅವರು ಅಧ್ಯಕ್ಷೆಯನ್ನು ನೇರ ಕೇಳಿದರು.

ಅಧ್ಯಕ್ಷೆ ಹುಡುಕಿದ ದಾರಿ ಹೀಗಿತ್ತು. ಅಂಗನವಾಡಿಯೇ ಶಾಲೆಯ ಖಾಲಿ ಕೋಣೆಗೆ ಬರಲಿ. ಮಕ್ಕಳು ಅಂಗನವಾಡಿಯ ದಾಖಲಾತಿಯಲ್ಲೇ ಇರಲಿ, ಊಟ ಅಲ್ಲಿಯೇ ಆಗಲಿ. ಕಂಪನಿಯ ಶಿಕ್ಷಕಿ ಬೆಳಗಿನ ಹೊತ್ತು ಅದೇ ಕೋಣೆಗೆ ಬಂದು ಕಲಿಸಲಿ. ಇಲಾಖೆಯವರು ಬಾಯಿಮಾತಿನಲ್ಲಿ ಒಪ್ಪಿದರು. ಬರವಣಿಗೆಯಲ್ಲಿ ಕೊಡಿ ಎಂದು ಪಿಡಿಒ ಎಷ್ಟು ಕೇಳಿದರೂ ಕಾಗದ ಬರಲಿಲ್ಲ.

ಎರಡನೆಯ ಖಾಲಿ ಕೋಣೆಯಲ್ಲಿ ಕೂಸಿನ ಮನೆ ತೆರೆಯಲು ನಿರ್ಧಾರವಾಯಿತು. ಅದು ಮೂರು ವರ್ಷದೊಳಗಿನ ಕೂಸುಗಳಿಗೆಂದು ಇರುವುದು, ನಡೆಸುವುದು ಪಂಚಾಯಿತಿ. ನಾಲ್ಕರ ಮೇಲೆ ಅಂಗನವಾಡಿಯ ಮಕ್ಕಳೂ ಅಲ್ಲಿ ಕೂರಬಹುದೇ? ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ ಎಂದರು ಕಾರ್ಯದರ್ಶಿ. ಕೊನೆಗೆ ಪಿಡಿಒ ಅದನ್ನು ಬೇರೆಯೇ ನಿರ್ಣಯವಾಗಿ ಬರೆದರು: ಸಂಜೆ ಆರೂವರೆಯವರೆಗೆ ಒಬ್ಬ ಹೆಚ್ಚುವರಿ ಆರೈಕೆದಾರರು, ಸಂಬಳ ಪಂಚಾಯಿತಿಯ ಸ್ವಂತ ತೆರಿಗೆ ಹಣದಿಂದ. ಗೋದಾಮು, ಶೆಡ್ಡುಗಳಿಂದ ಬರುವ ತೆರಿಗೆ ಇರುವ ಪಂಚಾಯಿತಿಯಾದ್ದರಿಂದ ಇದು ಸಾಧ್ಯವಾಯಿತು. ಬರಡು ಖಜಾನೆಯ ಪಂಚಾಯಿತಿಗಳು ಈ ಭಾಗವನ್ನು ನಕಲು ಮಾಡಲು ಹೋದರೆ ಕಷ್ಟ.

ದೊಡ್ಡೂರಿಗೆ ಹೊಸ ಕಟ್ಟಡ ಸಿಗಲಿಲ್ಲ, ಸೂರು ದುರಸ್ತಿ ಸಿಕ್ಕಿತು. ಶಂಕುಸ್ಥಾಪನೆಯ ಕಲ್ಲು ತಪ್ಪಿದ ಸದಸ್ಯರು ಸಭೆಯಿಂದ ಎದ್ದು ಹೋದರು. ಆಚೆಯೂರಿನ ಕೇಂದ್ರ ಇದ್ದಲ್ಲೇ ಉಳಿಯಿತು.

ಆಮೇಲೆ

ರಸ್ತೆಯೂರಿನಲ್ಲಿ ಜೂನ್‌ನಿಂದಲೇ ಹಾಜರಿ ಏರಿತು. ಸಂಜೆಯ ಹೊತ್ತಿನ ಆರೈಕೆಯೇ ಕಾರಣವೆಂದು ತಾಯಂದಿರು ಹೇಳಿದರು. ಇಂಗ್ಲಿಷ್ ಹಾಡುಗಳೇ ಕಾರಣವೆಂದು ಮುಖ್ಯೋಪಾಧ್ಯಾಯರು ಹೇಳುತ್ತಾರೆ. ಕೊನೆಯ ಪಿರಿಯಡ್ ತಪ್ಪಿಸುತ್ತಿದ್ದ ಹುಡುಗಿಯರು ತರಗತಿಯಲ್ಲಿ ಉಳಿಯುತ್ತಿದ್ದಾರೆ. ಶೀಟಿನ ಕೋಣೆಯ ಅಜ್ಜಿಗೆ ಆದಾಯ ತಪ್ಪಿತು. ಆಕೆಯನ್ನೇ ಹೆಚ್ಚುವರಿ ಆರೈಕೆದಾರರನ್ನಾಗಿ ಮಾಡಿಕೊಳ್ಳಬಹುದಿತ್ತು, ವಯಸ್ಸಿನ ಕಾರಣಕ್ಕೆ ಬಿಟ್ಟರು. ಅದು ಸರಿಯೆಂದು ನನಗೆ ಇನ್ನೂ ಅನ್ನಿಸಿಲ್ಲ.

ದೊಡ್ಡೂರಿನಲ್ಲಿ ಏನೂ ಬದಲಾಗಲಿಲ್ಲ. ಸೂರು ಸೋರುವುದು ನಿಂತಿತು, ವ್ಯಾನುಗಳು ಎಂದಿನಂತೆ ಬರುತ್ತಿವೆ. ಮನೆ ಬಾಗಿಲಿಗೆ ಬರುವ ವ್ಯಾನಿಗೆ ಎದುರಾಗಿ ಪಂಚಾಯಿತಿಯ ಬಳಿ ಯಾವ ಉತ್ತರವೂ ಇರಲಿಲ್ಲ. ಕಟ್ಟಡ ಕಟ್ಟಿದ್ದರೂ ಇರುತ್ತಿರಲಿಲ್ಲ ಎಂಬುದನ್ನು ಮಾತ್ರ ಸಮಾಲೋಚನೆ ಮೊದಲೇ ತಿಳಿಸಿತ್ತು, ಒಂದು ಕಟ್ಟಡದ ಹಣ ಉಳಿಸಿತು.

ಅಂದಾಜು ಕೈಕೊಟ್ಟದ್ದು ವಠಾರದ ವಿಷಯದಲ್ಲಿ. ಮಳೆಗಾಲದ ಹೊತ್ತಿಗೆ ಹಲವು ಬಾಡಿಗೆ ಮನೆಗಳು ಖಾಲಿಯಾಗಿ, ಆಮೇಲೆ ಬೇರೆಯವರಿಂದ ತುಂಬಿದವು. ಹೋದವರಿಗೆ ಮಕ್ಕಳಿದ್ದರು, ಬಂದವರು ಹೆಚ್ಚಾಗಿ ಅವಿವಾಹಿತರು. ಇಂಥ ಊರಿಗೆ ಮೂರು ವರ್ಷದ ಮುನ್ನಂದಾಜು ಎಂಬುದೇ ಇಲ್ಲವೆಂದು ಒಪ್ಪಿಕೊಂಡು, ಗ್ರಂಥಪಾಲಕಿ ಈಗ ವಠಾರದ ಪಟ್ಟಿಯನ್ನು ಆರು ತಿಂಗಳಿಗೊಮ್ಮೆಯೂ ಉಳಿದ ಊರುಗಳದ್ದನ್ನು ವರ್ಷಕ್ಕೊಮ್ಮೆಯೂ ತಿದ್ದುತ್ತಾರೆ. ಹೊಸ ಕಟ್ಟಡ ಕಟ್ಟದೆ ಶಾಲೆಯ ಖಾಲಿ ಕೋಣೆ ಬಳಸಿದ್ದು ಇಲ್ಲಿ ಅನುಕೂಲವಾಯಿತು. ಮಕ್ಕಳು ಕಡಿಮೆಯಾದರೆ ಕೋಣೆಯನ್ನು ಶಾಲೆಗೆ ಹಿಂದಿರುಗಿಸಬಹುದು.

ಕಂಪನಿಯ ಶಿಕ್ಷಕಿಯ ಒಪ್ಪಂದ ಮುಂದುವರಿಯುವ ಖಾತರಿ ಇಲ್ಲ. ಹೆಚ್ಚುವರಿ ಆರೈಕೆದಾರರ ಸಂಬಳ ಎರಡು ಸಲ ತಡವಾಗಿದೆ. ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆಂದು ಇರುವ ಕೇಂದ್ರ ಸರ್ಕಾರದ ಪಾಲನಾ ಯೋಜನೆಯಡಿ ರಸ್ತೆಯೂರಿನ ಅಂಗನವಾಡಿಯನ್ನು ಪೂರ್ಣಾವಧಿಯ ಶಿಶುಪಾಲನಾ ಕೇಂದ್ರವಾಗಿಸಬೇಕೆಂದು ಪಂಚಾಯಿತಿ ನಿರ್ಣಯ ಕಳಿಸಿದೆ, ಪಟ್ಟಿಯನ್ನೂ ಲಗತ್ತಿಸಿದೆ. ಮಂಜೂರಾತಿ ಬರುವವರೆಗೆ ಸ್ವಂತ ನಿಧಿಯಿಂದಲೇ ನಡೆಸಬೇಕು. ಆ ನಿಧಿಯ ಮೇಲೆ ಮುಂದೆ ಬರುವ ಸದಸ್ಯರ ಲೆಕ್ಕಾಚಾರ ಏನಿರುತ್ತದೋ, ಅವರು ಬಂದ ಮೇಲೆ ನೋಡಬೇಕು.